ಚೌಕಿಯಲ್ಲಿ ಕಲರ್ ರೋಲ್, ಬೆಳಗಿನ ಜಾವ ಕಪ್ಪುಬಿಳುಪು

ಯಕ್ಷಗಾನ ಕಲಾವಿದರ ಮುಖಗಳನ್ನು ನಾನು ಫಿಲ್ಮಿನಲ್ಲೇ ತೆಗೆಯುವುದು. ಕಲರೋ, ಕಪ್ಪುಬಿಳುಪೋ ಅನ್ನೋದು ರೋಲ್ ಹಾಕುವ ಮೊದಲೇ ತೀರ್ಮಾನ ಆಗಬೇಕು. ಕಲರ್ ನೆಗೆಟಿವ್ ಸ್ಕ್ಯಾನ್ ಮಾಡಿ ಆಮೇಲೆ ಬಣ್ಣ ತೆಗೆಯಬಹುದು, ನಿಜ. ಆದರೆ ಕಪ್ಪುಬಿಳುಪು ಫಿಲ್ಮಿನ ಆ ಗ್ರೇನ್, ಆ ಗಟ್ಟಿ ಕಪ್ಪು ಅದರಲ್ಲಿ ಸಿಗುವುದಿಲ್ಲ. ಹಾಗಾಗಿ ಮೊದಲೇ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಮುಖದ ಮೇಲಿರುವ ಬಣ್ಣ ಆ ಮನುಷ್ಯನದ್ದಾ, ಬೆಳಕಿನದ್ದಾ?

ಕಲಾವಿದರು ವೇಷ ಕಟ್ಟಿಕೊಳ್ಳುವ ಚೌಕಿಯಲ್ಲಿ ಬಣ್ಣ ಅವರದ್ದೇ. ತೆಂಕುತಿಟ್ಟು ಎಂಬ ದಕ್ಷಿಣದ ಶೈಲಿಯಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸರಂಥ ಪಾತ್ರ, ಹಾಕುವವರು ಕನ್ನಡಿ ಮುಂದೆ ಕೂತರೆ ಗಂಟೆಗಟ್ಟಲೆ ಏಳುವುದಿಲ್ಲ. ಕೆಂಪು, ಕಪ್ಪು ಬಳಿದು, ಅದರ ಮೇಲೆ ಅಕ್ಕಿಹಿಟ್ಟು, ಸುಣ್ಣ ಕಲಸಿದ ಬಿಳಿ ಚುಟ್ಟಿಯನ್ನು ಒಂದೊಂದೇ ಮುಳ್ಳಿನ ಹಾಗೆ ಎಬ್ಬಿಸುತ್ತಾರೆ. ಕಪ್ಪುಬಿಳುಪಿನಲ್ಲಿ ತೆಗೆದರೆ ಚುಟ್ಟಿ ಮಾತ್ರ ಎದ್ದು ಕಾಣುತ್ತದೆ. ಕೆಂಪು, ಹಸಿರು ಎರಡೂ ಹೆಚ್ಚುಕಡಿಮೆ ಒಂದೇ ಬೂದು. ಅಷ್ಟು ಹೊತ್ತು ಕೂತು ಬರೆದ ವೇಷವೇ ಅಳಿಸಿದಂತೆ ಆಗುತ್ತದಲ್ವಾ?

ತೊಂದರೆ ಕೊಡುವುದು ಬಲ್ಬು. ಪೋರ್ಟ್ರಾ 400 ಹಗಲಿನ ಬೆಳಕಿಗೆ ಮಾಡಿದ ಫಿಲ್ಮು. ಹಳದಿ ಬಲ್ಬಿನಡಿ ಎಲ್ಲವೂ ಕಿತ್ತಳೆಗೆ ತಿರುಗುತ್ತದೆ. 80ಎ ನೀಲಿ ಫಿಲ್ಟರ್ ಹಾಕಿದರೆ ಬಣ್ಣವೇನೋ ಸರಿಹೋಗುತ್ತದೆ, ಆದರೆ ಎರಡು ಸ್ಟಾಪ್ ಬೆಳಕು ಹೋಯಿತು (ಒಂದೊಂದು ಸ್ಟಾಪಿಗೂ ಬೆಳಕು ಅರ್ಧ). ಬೆಳಕು ಹಿಡಿಯುವ ಶಕ್ತಿಯಲ್ಲಿ 400ರ ಫಿಲ್ಮು 100ರದ್ದಾಯಿತು. ಅದಕ್ಕೇ ಬಲ್ಬಿನ ಬೆಳಕಿಗೇ ಹೊಂದಿಸಿದ ಸಿನೆಸ್ಟಿಲ್ 800ಟಿ ಹಾಕುತ್ತೇನೆ. ಫ್ರೇಮಿನಲ್ಲಿ ಬಲ್ಬು ಬಂದರೆ ಅದರ ಸುತ್ತ ಕೆಂಪು ಪ್ರಭೆ ಹರಡುತ್ತದೆ. ನನಗೆ ಅದು ಇಷ್ಟವಿಲ್ಲ, ಮುಖದಿಂದ ಕಣ್ಣು ಆಚೆ ಹೋಗುತ್ತದೆ. ಬಲ್ಬನ್ನು ಹೊರಗೇ ಬಿಡುತ್ತೇನೆ. ಇನ್ನು ಬಿಳಿ ಚುಟ್ಟಿ ಬೆಳಕು ಅಳೆಯುವ ಮೀಟರಿನ ದಾರಿ ತಪ್ಪಿಸುತ್ತದೆ. ಹಾಗಾಗಿ ಅವರ ಕೆನ್ನೆ ಪಕ್ಕ ನನ್ನ ಅಂಗೈ ಹಿಡಿದು ಅಳೆದು, ಒಂದು ಸ್ಟಾಪ್ ಜಾಸ್ತಿ ಕೊಡುತ್ತೇನೆ.

ಬೆಳಗಿನ ಜಾವ ಆಟ ಮುಗಿದ ಮೇಲೆ ಲೆಕ್ಕ ಬದಲಾಗುತ್ತದೆ. ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸಿಕೊಂಡು ಕೂತಿರುತ್ತಾರೆ. ಒಂದು ಕೆನ್ನೆ ಮೇಲೆ ಟ್ಯೂಬ್‌ಲೈಟಿನ ಹಸಿರು, ಇನ್ನೊಂದರ ಮೇಲೆ ಬಾಗಿಲಿನಿಂದ ಬರುವ ನೀಲಿ. ಎರಡೂ ಅವರ ಬಣ್ಣವಲ್ಲ. ಆಗ ಎಚ್‌ಪಿ5 ಪ್ಲಸ್ ಎಂಬ ಕಪ್ಪುಬಿಳುಪು ಫಿಲ್ಮು ಇರುವ ಕ್ಯಾಮೆರಾ ಎತ್ತಿಕೊಳ್ಳುತ್ತೇನೆ. ಹಸಿರೂ ನೀಲಿಯೂ ಹೋಗಿ ಬರೀ ಬೆಳಕು, ನೆರಳು ಉಳಿಯುತ್ತದೆ. ಹಣೆ ಮೇಲೆ ಕಿರೀಟ ಬಿಗಿದ ಗೆರೆ, ರೆಪ್ಪೆ ಬುಡದಲ್ಲಿ ಹೋಗದೆ ಉಳಿದ ಕಾಡಿಗೆ, ಎಣ್ಣೆಯ ಹೊಳಪು ಎಲ್ಲ ಕಾಣುತ್ತದೆ. ದಣಿವನ್ನು ಬಣ್ಣದ ಫಿಲ್ಮು ಇಷ್ಟು ಚೆನ್ನಾಗಿ ಹಿಡಿಯುವುದನ್ನು ನಾನಂತೂ ಕಂಡಿಲ್ಲ.

ಬೆಳಕು ಸಾಲದಿದ್ದರೆ 400ರ ಈ ಫಿಲ್ಮನ್ನು 1600 ಎಂದು ಲೆಕ್ಕ ಹಿಡಿದು, ಐಡಿ-11 ಎಂಬ ಡೆವಲಪರಿನಲ್ಲಿ ನೀರು ಬೆರೆಸದೆ 20 ಡಿಗ್ರಿಗೆ 14 ನಿಮಿಷ ತೊಳೆಯುತ್ತೇನೆ. ಕರಾವಳಿಯಲ್ಲಿ ನಲ್ಲಿ ನೀರು ಅಷ್ಟು ತಣ್ಣಗೆ ಬರುವುದಿಲ್ಲ. ಐಸ್ ಹಾಕಿದ ಬಕೆಟ್ಟಿನಲ್ಲಿ ಕೆಮಿಕಲ್ ಬಾಟಲಿ ಇಟ್ಟು ಥರ್ಮಾಮೀಟರ್ ನೋಡುತ್ತಿರಬೇಕು. ಕಲರ್ ರೋಲಿಗೆ 38 ಡಿಗ್ರಿ ಬೇಕು, ಸ್ವಲ್ಪವೂ ಅತ್ತಿತ್ತ ಆಗಬಾರದು. ಅದನ್ನು ಲ್ಯಾಬಿಗೇ ಕಳಿಸುತ್ತೇನೆ.