ಪ್ರಚಾರದ ಕೊಡುಗೆಗೆ ಕಾಗದದ ಮಾದರಿ ಸಿದ್ಧಪಡಿಸುವುದು

2014ರ ಜೂನ್‌ನಲ್ಲಿ ಗೂಗಲ್‌ನಂತಹ ಸಂಸ್ಥೆಯೇ ತನ್ನ ಸಮ್ಮೇಳನಕ್ಕೆ ಬಂದವರಿಗೆ, ಮಡಚಿ ಜೋಡಿಸಿ ಮೊಬೈಲ್ ಇಟ್ಟು ನೋಡುವ ರಟ್ಟಿನ ವೀಕ್ಷಣಾ ಸಾಧನವನ್ನು ಹಂಚಿತು. ಸ್ವತಃ ಜೋಡಿಸಿದ್ದನ್ನು ಎಸೆಯಲು ಯಾರಿಗೂ ಸುಲಭವಾಗಿ ಮನಸ್ಸಾಗುವುದಿಲ್ಲ.

ಪ್ರದರ್ಶನಕ್ಕೆ ಬಂದವರಿಗೆ ನೀವೂ ಹೀಗೆ ಮಡಚಿ ಜೋಡಿಸುವ ಕಾಗದದ ಮಾದರಿ ಕೊಡಬಹುದು. ಮಾದರಿಗೆ ನಿಮ್ಮದೇ ಉತ್ಪನ್ನವನ್ನು ಆರಿಸಿ, ಒಂದೇ ಎ4 ಹಾಳೆಯಲ್ಲಿ ಮುಗಿಸಿ. 200ರಿಂದ 250 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ಕಾರ್ಡ್ ಸೂಕ್ತ. ತೀರ ತೆಳುವಾದರೆ ಮಾದರಿ ಕುಸಿಯುತ್ತದೆ, ತೀರ ದಪ್ಪವಾದರೆ ಮಡಿಕೆ ಬಿರಿಯುತ್ತದೆ. ಮುಖ್ಯ ಮಡಿಕೆಗಳು ಕಾಗದದ ನಾರಿನ ದಿಕ್ಕಿಗೆ ಸಮಾನಾಂತರವಾಗಿರಲಿ. ಮುದ್ರಣಾಲಯದಲ್ಲೇ ಡೈ ಕಟಿಂಗ್ (ಅಚ್ಚಿನಿಂದ ಆಕಾರ ಕತ್ತರಿಸುವುದು), ಕ್ರೀಸಿಂಗ್ (ಮಡಿಕೆಯ ಗೆರೆ ಒತ್ತುವುದು) ಮಾಡಿಸಿ, ಅಂಟಿನ ಬದಲು ಸೀಳಿನೊಳಗೆ ಸಿಕ್ಕಿಕೊಳ್ಳುವ ಪಟ್ಟಿಗಳನ್ನಿಡಿ, ಏಕೆಂದರೆ ಪ್ರದರ್ಶನಕ್ಕೆ ಬಂದವರ ಕೈಯಲ್ಲಿ ಅಂಟೂ ಇರುವುದಿಲ್ಲ, ಕತ್ತರಿಯೂ ಇರುವುದಿಲ್ಲ. ಲಾಂಛನ ಚಿಕ್ಕದಾಗಿರಲಿ.

ಸಾವಿರಾರು ಪ್ರತಿ ಮುದ್ರಿಸುವ ಮೊದಲು, ಹತ್ತು ವರ್ಷದ ಮಗುವೊಂದು ಯಾರ ನೆರವೂ ಇಲ್ಲದೆ ಅದನ್ನು ಜೋಡಿಸಬಲ್ಲದೇ ಎಂದು ಪಕ್ಕದಲ್ಲಿ ಕುಳಿತು ಗಮನಿಸಿ.