ಮರಿ ತರುವ ಮುನ್ನ ನೀರು ಹದ ಮಾಡಿ

ಕೆರೆಯಿಲ್ಲ, ಹೊಂಡ ತೋಡಲು ಜಾಗವಿಲ್ಲ, ಬೋರ್‌ವೆಲ್‌ನಲ್ಲಿ ಬರುವುದು ಎರಡಿಂಚು ನೀರು. ಅಂಥ ಬಯಲುಸೀಮೆಯಲ್ಲೂ ಶೆಡ್ಡಿನೊಳಗೆ ಮೀನು ಸಾಕಬಹುದು. ಇದ್ದ ನೀರನ್ನೇ ಸೋಸಿ ಮತ್ತೆ ಮತ್ತೆ ಬಳಸುವ ಈ ಪದ್ಧತಿಯೇ ಆರ್‌ಎಎಸ್ (ರೀಸರ್ಕ್ಯುಲೇಟಿಂಗ್ ಅಕ್ವಾಕಲ್ಚರ್ ಸಿಸ್ಟಮ್). ದಿನಕ್ಕೆ ಹೊಸದಾಗಿ ಬೇಕಾಗುವುದು ಒಟ್ಟು ನೀರಿನ ಶೇ 5ರಿಂದ 10ರಷ್ಟು. ಹೊರಹೋಗುವ ನೀರನ್ನು ತೆಂಗಿಗೋ ತರಕಾರಿಗೋ ಹಾಯಿಸಿ. ಅದರಲ್ಲಿ ಸಾರಜನಕ ಇರುತ್ತದೆ.

ತೊಟ್ಟಿ ದುಂಡಗಿರಲಿ, ತಳ ನಡುವಿಗೆ ಇಳಿಜಾರಾಗಿರಲಿ. ನೀರು ಬೀಳುವ ಪೈಪನ್ನು ಅಂಚಿನಲ್ಲಿ ಓರೆಯಾಗಿಟ್ಟರೆ ನೀರು ಗಿರ್ರನೆ ಸುತ್ತುತ್ತಾ ಮಲವನ್ನೂ ಉಳಿದ ಮೇವನ್ನೂ ನಡುವಿನ ತೂತಿಗೆ ಎಳೆದೊಯ್ಯುತ್ತದೆ. ಅಲ್ಲಿಂದ ಕಸವನ್ನು ಜಾಲರಿಯಲ್ಲಿ ಸೋಸುವ ಡ್ರಮ್ ಫಿಲ್ಟರ್, ಸಣ್ಣ ಘಟಕವಾದರೆ ಕೆಸರು ತಂಗುವ ತೊಟ್ಟಿ. ಆಮೇಲೆ ಜೈವಿಕ ಫಿಲ್ಟರ್.

ಹೆಚ್ಚಿನವರು ಸೋಲುವುದು ಇಲ್ಲೇ. ಮೀನು ಕಿವಿರಿನಿಂದ ಬಿಡುವ ಅಮೋನಿಯಾ ವಿಷ. ಫಿಲ್ಟರ್‌ನ ಪ್ಲಾಸ್ಟಿಕ್ ಬಿಲ್ಲೆಗಳ ಮೇಲೆ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ, ಬಳಿಕ ಅಷ್ಟೇನೂ ತೊಂದರೆ ಕೊಡದ ನೈಟ್ರೇಟ್ ಆಗಿ ಬದಲಿಸುತ್ತವೆ. ಅವು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಈ ಕಾಯುವಿಕೆಗೆ ಅಡ್ಡದಾರಿ ಹುಡುಕಬೇಡಿ. ಮೀನಿಲ್ಲದ ತೊಟ್ಟಿಗೆ ನೀರು ತುಂಬಿ, ಲೀಟರಿಗೆ 2–3 ಮಿಲಿಗ್ರಾಂ ಅಮೋನಿಯಾ ಬರುವಷ್ಟು ಅಮೋನಿಯಂ ಕ್ಲೋರೈಡ್ ಹಾಕಿ, ಪಂಪು ಮತ್ತು ಗಾಳಿ ಯಂತ್ರ ಓಡುತ್ತಿರಲಿ. ನಲ್ಲಿ ನೀರಾದರೆ ಮೊದಲು ಕ್ಲೋರಿನ್ ಹೋಗಿರಬೇಕು, ಅದು ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಟೆಸ್ಟ್ ಕಿಟ್‌ನಲ್ಲಿ ಮೊದಲು ಅಮೋನಿಯಾ ಇಳಿಯುತ್ತದೆ, ನೈಟ್ರೈಟ್ ಏರುತ್ತದೆ. ಮರಿ ಬಿಡುವ ಕಾಲ ಅದಲ್ಲ. ಹಾಕಿದ ಅಮೋನಿಯಾ ಒಂದೇ ದಿನದಲ್ಲಿ ಇಲ್ಲವಾಗಿ, ನೈಟ್ರೈಟ್ ಕೂಡ ಸೊನ್ನೆಗೆ ಬಂದಾಗ ಮರಿ ತನ್ನಿ. ಅವಸರಪಟ್ಟವರ ತೊಟ್ಟಿಯಲ್ಲಿ ಮೀನಿನ ಕಿವಿರು ಕೆಂಪು ಹೋಗಿ ಚಾಕೊಲೇಟ್ ಬಣ್ಣಕ್ಕೆ ತಿರುಗಿರುತ್ತದೆ. ನೈಟ್ರೈಟ್ ರಕ್ತಕ್ಕೆ ಸೇರಿರುವ ಗುರುತದು. ಆಗ ಮೇವು ನಿಲ್ಲಿಸಿ, ನೀರು ಬದಲಿಸಿ, ಲೀಟರಿಗೆ 1 ಗ್ರಾಂನಷ್ಟು ಉಪ್ಪು ಬೆರೆಸಿ.

ಫಿಲ್ಟರ್ ಎಷ್ಟು ದೊಡ್ಡದಿರಬೇಕು ಎಂಬುದನ್ನು ಮೀನಿನ ಲೆಕ್ಕದಲ್ಲಲ್ಲ, ಮೇವಿನ ಲೆಕ್ಕದಲ್ಲಿ ನೋಡಿ. ಶೇ 32 ಪ್ರೊಟೀನ್ ಇರುವ ಒಂದು ಕಿಲೊ ಮೇವಿನಿಂದ ಸುಮಾರು 30 ಗ್ರಾಂ ಅಮೋನಿಯಾ ಹುಟ್ಟುತ್ತದೆ. ಅದನ್ನು ಅರಗಿಸುವಾಗ ಬ್ಯಾಕ್ಟೀರಿಯಾ ನೀರಿನ ಕ್ಷಾರವನ್ನು ತಿನ್ನುವುದರಿಂದ ಪಿಎಚ್ ಇಳಿಯುತ್ತದೆ. ಮೇವಿನ ತೂಕದ ಕಾಲು ಭಾಗದವರೆಗೆ ಅಡುಗೆ ಸೋಡಾ ಬೇಕಾಗಬಹುದು. ಗಡಸು ಬೋರ್‌ವೆಲ್ ನೀರಿಗೆ ಕಡಿಮೆ ಸಾಕು, ಪರೀಕ್ಷಿಸಿಯೇ ಹಾಕಿ.

ತಿಲಾಪಿಯಾ ಸಾಕುವುದಾದರೆ ಮೀನುಗಾರಿಕೆ ಇಲಾಖೆಯ ಅನುಮತಿ ಮೊದಲು. ಚಳಿಗಾಲದ ರಾತ್ರಿ ನೀರು 20 ಡಿಗ್ರಿಗಿಂತ ತಣ್ಣಗಾದರೆ ಅದು ಸರಿಯಾಗಿ ಮೇಯುವುದಿಲ್ಲ, ಆಗ ಮೇವು ತಗ್ಗಿಸಿ. ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂಗಿಂತ ಇಳಿಯಬಾರದು. ಒತ್ತಾಗಿ ಮೀನಿರುವ ತೊಟ್ಟಿಯಲ್ಲಿ ಕರೆಂಟು ಹೋದರೆ ಗಂಟೆಯೊಳಗೇ ಎಲ್ಲ ಮುಗಿಯಬಹುದು. ತಾನಾಗಿ ಚಾಲೂ ಆಗುವ ಜನರೇಟರ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ.

ಮಾರುವ ಮೊದಲು ಕೆಲವು ದಿನ ಮೀನನ್ನು ಬೇರೆ ತೊಟ್ಟಿಯ ಹೊಸ ನೀರಿನಲ್ಲಿ ಮೇವಿಲ್ಲದೆ ಬಿಡಿ. ಇಲ್ಲದಿದ್ದರೆ ಮಾಂಸದಲ್ಲಿ ಮಣ್ಣಿನ ವಾಸನೆ ಉಳಿಯುತ್ತದೆ, ಕೊಂಡವರು ಎರಡನೇ ಸಲ ಬರುವುದಿಲ್ಲ.