ಪಹಣಿಯಿಂದ ಹಿಂದಕ್ಕೆ ಹೋಗುತ್ತಾ: ನಮ್ಮ ವಂಶವೃಕ್ಷ ಹುಡುಕಿದ ಅನುಭವ

ನಮ್ಮೂರು ಸಕಲೇಶಪುರ ತಾಲೂಕಿನಲ್ಲಿದೆ. 1831ರಿಂದ 1881ರವರೆಗೆ ಮೈಸೂರನ್ನು ಬ್ರಿಟಿಷ್ ಕಮಿಷನರುಗಳು ಆಳಿದರು. ಆ ಕಾಲದಲ್ಲಿ ನಮ್ಮ ಮುತ್ತಜ್ಜನ ಅಪ್ಪ ಊರಿಗೆ ಪಟೇಲರಾಗಿದ್ದರು ಅಂತ ಮನೆಯಲ್ಲಿ ಮಾತಿತ್ತು. ಹೆಸರು ಬಿಟ್ಟರೆ ಅವರ ಬಗ್ಗೆ ಬೇರೇನೂ ಗೊತ್ತಿರಲಿಲ್ಲ. ಅವರ ಹೆಂಡತಿಯ ಹೆಸರಂತೂ ಯಾರ ಬಾಯಲ್ಲೂ ಉಳಿದಿರಲಿಲ್ಲ. ನನ್ನನ್ನು ಕಾಡಿದ್ದು ಅದೇ.

ಈ ಕೆಲಸಕ್ಕೆ ಇಳಿಯುವವರಿಗೆ ನಾನು ಹೇಳುವುದು ಒಂದೇ. ಹೆಸರು ಹಿಡಿದು ಹೋಗಬೇಡಿ, ಜಮೀನು ಹಿಡಿದು ಹೋಗಿ. ನಮ್ಮ ಕಡೆ ತಾತನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ, ಅಲ್ವಾ? ದಾಯಾದಿಗಳ ಮನೆಯಲ್ಲೂ ಅದೇ ಹೆಸರು. ಯಾರು ಯಾವ ತಲೆಮಾರಿನವರು ಅಂತ ಬಿಡಿಸುವುದೇ ಕಷ್ಟ. ಗದ್ದೆ ಮಾತ್ರ ಅಲ್ಲೇ ಇರುತ್ತದೆ. 1863ರಲ್ಲಿ ಮೈಸೂರಿನಲ್ಲಿ ಕಂದಾಯ ಸರ್ವೆ ಶುರುವಾಯಿತು. ಆಗಿನಿಂದ ಹೊಲ ಗದ್ದೆಗಳಿಗೆ ಸರ್ವೆ ನಂಬರ್ ಬಂತು.

ಹಾಗಾಗಿ ಈಗಿನ ಪಹಣಿಯಿಂದ, ಅಂದರೆ ಜಮೀನು ಯಾರದ್ದು ಅಂತ ಹೇಳುವ ಸರ್ಕಾರಿ ದಾಖಲೆಯಿಂದ, ಹಿಂದಕ್ಕೆ ಹೊರಟೆ. ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿ, ಕೈಬರಹದ ಹಳೇ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ (ಸರ್ವೆ ನಂಬರ್ ಪ್ರಕಾರದ ಜಮೀನಿನ ಪಟ್ಟಿ), ಮ್ಯುಟೇಶನ್ (ಖಾತೆ ಬದಲಾವಣೆ) ನಕಲುಗಳನ್ನು ತೆಗೆಸಿದೆ. ಮ್ಯುಟೇಶನ್‌ನಲ್ಲಿ ‘ಪೌತಿ’ (ಖಾತೆದಾರರ ಮರಣ) ಅಂತ ಇರುವ ಕಡೆ ನಿಧಾನವಾಗಿ ಓದಬೇಕು. ಯಾರು ತೀರಿಕೊಂಡರು, ಖಾತೆ ಯಾರಿಗೆ ಹೋಯಿತು ಅನ್ನುವುದು ಅಲ್ಲಿರುತ್ತದೆ. ಹೀಗೆ ಮುತ್ತಜ್ಜನವರೆಗೆ ಸಲೀಸಾಗಿ ಮುಟ್ಟಿದೆ. ಹಳೇ ಕಾಗದಗಳಲ್ಲಿ ಸಕಲೇಶಪುರ ಅಂತಲೇ ಹುಡುಕಬೇಡಿ, ಆಗ ನಮ್ಮದು ಮಂಜರಾಬಾದ್ ತಾಲೂಕು. ಚಿಕ್ಕಮಗಳೂರಿನವರು 1947ಕ್ಕೆ ಮುಂಚಿನ ಕಾಗದಗಳಲ್ಲಿ ಕಡೂರು ಜಿಲ್ಲೆ ಅಂತ ನೋಡಬೇಕು.

ಅದಕ್ಕಿಂತ ಹಿಂದಿನದು ಸಿಕ್ಕಿದ್ದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ಅಲ್ಲಿ ಹೆಸರಿನ ಇಂಡೆಕ್ಸ್ ಬೇರೆ, ಆಸ್ತಿಯ ಇಂಡೆಕ್ಸ್ ಬೇರೆ. ಆಸ್ತಿಯ ಇಂಡೆಕ್ಸಿನಲ್ಲಿ ನಮ್ಮೂರನ್ನು ಹುಡುಕಿದಾಗ 1890ರ ಒಂದು ಭೋಗ್ಯ ಪತ್ರ (ಸಾಲಕ್ಕೆ ಜಮೀನು ಒತ್ತೆ ಇಟ್ಟ ಕಾಗದ) ಸಿಕ್ಕಿತು. ಅಕ್ಷರ ಪೂರ್ತಿ ಮೋಡಿ, ಅಂದರೆ ಕೂಡಿಸಿ ಬರೆಯುವ ಹಳೇ ಕೈಬರಹ. ನನ್ನಿಂದ ಓದಲಾಗಲಿಲ್ಲ. ಶಾನುಭೋಗರ ಮನೆತನದ ಹಿರಿಯರೊಬ್ಬರು ಓದಿ ಹೇಳಿದರು. ಗದ್ದೆಯನ್ನು ಭೋಗ್ಯಕ್ಕೆ ಬರೆದುಕೊಟ್ಟವರು ಒಬ್ಬ ಹೆಂಗಸು. ಮೊದಲು ಆಕೆಯ ಹೆಸರು, ಆಮೇಲೆ ‘ಕೋಂ’ (ಇಂಥವರ ಹೆಂಡತಿ ಅಂತ ಅರ್ಥ), ಆಮೇಲೆ ಪಟೇಲರ ಹೆಸರು. ಮೈನರ್ ಮಕ್ಕಳಿಗೆ ಗಾರ್ಡಿಯನ್ ತಾಯಿ ಅಂತ ಬರೆದಿತ್ತು. ಅಂದರೆ ಪಟೇಲರು ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು, ಗದ್ದೆ ಕೈಬಿಡದೆ ಸಂಸಾರ ನಡೆಸಿದ ತಾಯಿ. ಆ ಹೆಸರನ್ನು ನಮ್ಮ ಮನೆಯವರು ಹೇಳದೆ ಎಷ್ಟು ಕಾಲವಾಗಿತ್ತೋ. ಅವತ್ತು ನನಗೆ ಕಣ್ಣು ತುಂಬಿ ಬಂತು.

ಆ ಪತ್ರದಲ್ಲಿ ಹಿರಿಯ ಮಗನಿಗೆ 13 ವರ್ಷ ಅಂತಿದೆ. ಅವರೇ ನಮ್ಮ ಮುತ್ತಜ್ಜ. ನಮ್ಮ ಸೋದರತ್ತೆ ಹಿಂದೊಮ್ಮೆ ಹೇಳಿದ್ದರು, “ಧಾತು ಈಶ್ವರದ ಬರದಲ್ಲಿ ನಮ್ಮಜ್ಜ ಇನ್ನೂ ಎದೆಹಾಲು ಕುಡೀತಿದ್ದರಂತೆ ಕಣಪ್ಪ.” ಧಾತು ಸಂವತ್ಸರ ಬಂದಿದ್ದು 1876ರಲ್ಲಿ, ಈಶ್ವರ 1877ರಲ್ಲಿ. ಲೆಕ್ಕ ಸರಿಹೋಯಿತು. ಮುದುಕರು ಸಂವತ್ಸರ ಹೇಳಿದರೆ ಸುಮ್ನೆ ತಳ್ಳಿಹಾಕಬೇಡಿ. ಅದೇ ಬರದಿಂದಾಗಿ, 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಇದ್ದ ಮೈಸೂರಿನ ಜನ 1881ಕ್ಕೆ 42 ಲಕ್ಷಕ್ಕೆ ಇಳಿದಿದ್ದರು. ಕವಲೊಂದು ಆ ವರ್ಷಗಳಲ್ಲಿ ನಿಂತುಹೋದಂತೆ ಕಂಡರೆ ಇದನ್ನೂ ನೆನಪಿಡಬೇಕು.

ಪತ್ರದ ಕೊನೆಯಲ್ಲಿ ಸಾಕ್ಷಿಗಳ ಹೆಸರಿದ್ದವು. ಸಾಕ್ಷಿಗಳನ್ನು ಬಹಳ ಜನ ಓದುವುದೇ ಇಲ್ಲ. ಅವರಲ್ಲೊಬ್ಬರು ಪಕ್ಕದ ಹೋಬಳಿಯವರು. ಆ ಊರಿಗೆ ಹೋಗಿ ವಿಚಾರಿಸಿದೆ. ಅವರು ಪತ್ರ ಬರೆದುಕೊಟ್ಟ ಆ ತಾಯಿಯ ಅಣ್ಣ ಅಂತ ಗೊತ್ತಾಯಿತು. ತವರು ಮನೆ ಸಿಕ್ಕಿತು. ಅಲ್ಲಿನವರು ಕಾಫಿ ಕೊಟ್ಟು, “ನೀವು ನಮ್ಮ ಹೆಣ್ಣುಮಗಳ ಕಡೆಯವರು” ಅಂತ ಊಟಕ್ಕೂ ನಿಲ್ಲಿಸಿಕೊಂಡರು.

ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ಸರ್ಕಾರಿ ಕಾಗದ ಕೈಕೊಡುತ್ತದೆ. ಅವರ ಹೆಸರಿಗೆ ಖಾತೆ ಆಗುತ್ತಿದ್ದುದೇ ಅಪರೂಪ. ಅಲ್ಲಿ ನೆರವಾದವರು ನಮ್ಮ ಮನೆಗೆ ಬರುವ ಹೆಳವರು, ಅಂದರೆ ಊರೂರು ತಿರುಗಿ ಮನೆತನಗಳ ವಂಶಾವಳಿ ಹೇಳುವವರು. ಸುಗ್ಗಿ ಮುಗಿದ ಮೇಲೆ ಅವರು ಬಂದಾಗ ಭೋಗ್ಯ ಪತ್ರದ ಹೆಸರುಗಳನ್ನು ಮುಂದಿಟ್ಟೆ. ಅವರ ಪುಸ್ತಕದಲ್ಲಿ ಗಂಡುಮಕ್ಕಳ ಸಾಲು ಪತ್ರಕ್ಕೆ ಸರಿಯಾಗಿತ್ತು. ಜೊತೆಗೆ ಇಬ್ಬರು ಹೆಣ್ಣುಮಕ್ಕಳ ಹೆಸರೂ ಇತ್ತು. ಒಬ್ಬರನ್ನು ಬೇಲೂರು ಕಡೆಗೆ ಕೊಟ್ಟಿದ್ದಾರೆ. ಊರಿನ ಹೆಸರು ಬರೆದುಕೊಂಡೆ. ಅವರ ಗಂಡನ ಮನೆಯ ಹಳೇ ಪಹಣಿಗೆ ಈಗ ಬೇಲೂರು ತಾಲೂಕು ಕಚೇರಿಯಲ್ಲಿ ಅರ್ಜಿ ಹಾಕಿದ್ದೇನೆ.